ಲೇಜಿ ಟ್ಯೂಸ್ಡೇ ಹಣೆಯ ಎರಡು ಸುಳಿ

ಟೆಕ್ಸಸ್‌ನ ಅಲೆನ್‌ನಲ್ಲಿ ನಮ್ಮ ಕನ್ನಡದೋರ ಮನೆ ಊಟಗಳಿಗೆ ಹೋದಾಗ ನನ್ನ ಪರಿಚಯ ಮಾಡಿಕೊಡೋದೇ ಒಂದು ತಮಾಷೆ. "ಇವರು ಪ್ಲೇನೋದಲ್ಲಿ ಸಾಫ್ಟ್‌ವೇರು, ಇವರು ಹಾರ್ಟ್ ಡಾಕ್ಟ್ರು, ಇವರು ನಂಜುಂಡಯ್ಯ ಅಂಕಲ್, ರೇಸು..." ಅಂತ ಕೊನೇ ಮಾತಿಗೆ ಧ್ವನಿ ಇಳಿಸಿಬಿಡ್ತಾರೆ. ಆಮೇಲೆ ಕೈ ತೊಳೆಯೋ ಸಿಂಕ್ ಹತ್ತಿರ ಅವರೇ ಬಂದು, "ಅಂಕಲ್, ಈ ಶನಿವಾರ ಯಾವ ಕುದುರೆ?" ಅಂತ ಪಿಸುಗುಡ್ತಾರೆ. ಅಯ್ಯೋ ಮಹಾರಾಯ! ಕೆಲಸದಲ್ಲಿದ್ದಷ್ಟು ದಿನ ನಾನು ಒಂದು ಡಾಲರ್ ಕೂಡ ಕಟ್ಟೋ ಹಾಗಿರಲಿಲ್ಲ. ಯಾವ ಕುದುರೆ ಗೆಲ್ಲುತ್ತೆ ಅನ್ನೋದು ನನಗೆ ಸಂಬಂಧವೇ ಇಲ್ಲದ ವಿಷಯ. ಗೇಟಿಗೆ ಬಂದ ಕುದುರೆ ನಿಜವಾಗ್ಲೂ ಅದೇ ಕುದುರೆನಾ, ಅಷ್ಟೇ ನನ್ನ ಕೆಲಸ.

ಪ್ರತಿ ರೇಸಿಗೂ ಮುಂಚೆ ಕುದುರೆಗಳನ್ನ ಜೀನು ಹಾಕೋ ಅಂಗಳಕ್ಕೆ ಕರ್ಕೊಂಡು ಬರ್ತಾರೆ. ಆ ಅಂಗಳದ ಬಾಗಿಲಲ್ಲಿ ನಾನು. ಮೇಲ್ದುಟಿ ಎತ್ತಿ ಒಳಗೆ ಹಚ್ಚೆ ಹಾಕಿರೋ ನಂಬರ್ ಓದಬೇಕು. ಹಣೆಯ ಮಚ್ಚೆ, ಕಾಲಿನ ಬಿಳುಪು, ಮೈಮೇಲಿನ ಸುಳಿ ಎಲ್ಲ ಕಾರ್ಡಿನ ಜೊತೆ ತಾಳೆ ನೋಡಬೇಕು. ನಾನು ತಲೆ ಆಡಿಸಿದ್ರೆ ಕುದುರೆ ಓಡುತ್ತೆ, ಇಲ್ಲದಿದ್ರೆ ಇಲ್ಲ. ಚಳಿಗಾಲದಲ್ಲಿ ಹ್ಯೂಸ್ಟನ್ ಟ್ರ್ಯಾಕು, ಬೇಸಿಗೆಯಲ್ಲಿ ಡಾಲಸ್ ಟ್ರ್ಯಾಕು. ನಲವತ್ತೈದನೇ ಹೈವೇಯಲ್ಲಿ ನಾನು ಡ್ರೈವ್ ಮಾಡಿದ್ದಕ್ಕೆ ಆ ರಸ್ತೆಗೆ ನನ್ನ ಹೆಸರೇ ಇಡಬಹುದಿತ್ತು.

ಈಚೆಗೆ ಪಕ್ಕದ ಮರ್ಫಿ ಊರಿನ ಒಬ್ಬ ಕನ್ನಡದ ಹುಡುಗಿ ಇದೇ ಕೆಲಸಕ್ಕೆ ಸೇರಿದ್ಲು. ಮನೆಗೆ ಬಂದು ಕಾಫಿ ಕುಡೀತಾ, "ಅಂಕಲ್, ವಾಟ್ ಈಸ್ ದ ಜಾಬ್ ರಿಯಲಿ ಲೈಕ್?" ಅಂದ್ಲು. ಕಚ್ಚಿಸಿಕೊಂಡದ್ದು, ಒದೆಸಿಕೊಂಡದ್ದು ಎಲ್ಲ ಹೇಳಿ ನಗಿಸಿ ಕಳಿಸಿದೆ. ಒಂದನ್ನ ಮಾತ್ರ ಹೇಳಲಿಲ್ಲ. ವರ್ನನ್ ಅಂತ ಒಬ್ಬ ಟ್ರೇನರ್ ಇದ್ದ. ನನ್ನ ಒಂದು ನೋಟದಿಂದ ಅವನ ಒಳ್ಳೆ ಹೆಸರು ಹೋಯ್ತು. ಅದನ್ನ ವಾಪಸ್ ಕೊಡೋಕೆ ನನಗೆ ನೌಕರಿ ಮುಗಿಯೋವರೆಗೂ ಧೈರ್ಯ ಬರಲಿಲ್ಲ. ಆ ಹುಡುಗಿಗೆ ಹೇಳಬೇಕಾಗಿದ್ದದ್ದು ಅದೇ. ಬರೀತೀನಿ, ಆದ್ರೆ ಮೊದಲಿಂದ ಬರಬೇಕು.

ನಮ್ಮಪ್ಪ ಮೈಸೂರಲ್ಲಿ ಟಾಂಗಾ ಕುದುರೆಗಳಿಗೆ ಲಾಳ ಕಟ್ತಿದ್ರು. ಕುದುರೆ ಕೊಳ್ಳೋರು ಮೊದಲು ಅಪ್ಪನ ಹತ್ತಿರ ತಂದು ಸುಳಿ ನೋಡಿಸ್ತಿದ್ರು. ಕೂದಲು ಸುತ್ತಿಕೊಂಡು ಬೆಳೆದಿರುತ್ತಲ್ಲ, ಮಕ್ಕಳ ನೆತ್ತಿ ಮೇಲೆ ಇರೋ ಹಾಗೆ, ಅದೇ. ನಮ್ಮಲ್ಲಿ ಹುಡುಗನ ತಲೇಲಿ ಎರಡು ಸುಳಿ ಇದ್ರೆ ಎರಡು ಮದುವೆ ಅಂತಾರೆ. ನನಗೂ ಎರಡಿದೆ. ಸರೋಜ ನಲವತ್ತು ವರ್ಷದಿಂದ ಕಾಯ್ತಿದ್ದಾಳೆ, "ಎಲ್ಲಿ ಆ ಎರಡನೆಯವಳು, ಬಂದು ಪಾತ್ರೆ ತೊಳೀಲಿ" ಅಂತ. ಕುದುರೆ ವಿಷಯದಲ್ಲಿ ಮಾತ್ರ ಅಪ್ಪ ತಮಾಷೆ ಮಾಡ್ತಿರಲಿಲ್ಲ. ಕತ್ತಿನ ಸುಳಿ ಒಳ್ಳೇದು, ಬೆನ್ನಿನ ಸುಳಿ ಕೆಟ್ಟದ್ದು. "ಹಣೇಲಿ ಎರಡು ಸುಳಿ ಇರೋ ಕುದುರೇನ ಮಾತ್ರ ನಂಬಬೇಡ ಕಣೋ, ಯಜಮಾನನಿಗೇ ಮೋಸ ಮಾಡುತ್ತೆ," ಅಂತಿದ್ರು.

ಬೆಂಗಳೂರಲ್ಲಿ ಪಶುವೈದ್ಯ ಓದಿ ಇಲ್ಲಿಗೆ ಬಂದೆ. ಇಲ್ಲಿನ ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ಮೂರನೇ ಸಲ ಬರೆಯೋ ಮುಖ ಇರಲಿಲ್ಲ. ಅಷ್ಟರಲ್ಲಿ ಟ್ರ್ಯಾಕಿನಲ್ಲಿ ಈ ಕೆಲಸ ಇದೆ ಅಂತ ಗೊತ್ತಾಯ್ತು. ಅಲ್ಲಿನ ದೊಡ್ಡ ಸಾಹೇಬ್ರು, ಅಂದ್ರೆ ರೇಸಿನ ನ್ಯಾಯಾಧೀಶರಲ್ಲಿ ಹಿರಿಯರು, ಮಿಸ್ಟರ್ ಹಾರ್ಲನ್. ಸದಾ ಜೇಬಿನಲ್ಲಿ ನೆಲಗಡಲೆ. ಒಂದು ಕಂದು ಕುದುರೇನ ಒಂದು ನಿಮಿಷ ತೋರಿಸಿ, ಒಳಗೆ ಕಳಿಸಿ, "ಏನೇನು ಕಂಡೆ ಹೇಳು," ಅಂದ್ರು. ಅಪ್ಪನ ಪುಣ್ಯ, ಏಳು ಸುಳಿ ಎಲ್ಲೆಲ್ಲಿವೆ ಅಂತ ಪಟಪಟ ಹೇಳಿದೆ. ಹಾರ್ಲನ್ ಕಡಲೆ ಸಿಪ್ಪೆ ಉಗಿದು, "ನಾಳೆ ಬಾ, ನೆಡ್," ಅಂದ್ರು. ನಂಜುಂಡಯ್ಯ ಅವರ ಬಾಯಲ್ಲಿ ಹೊರಳಲಿಲ್ಲ. ಅವತ್ತಿಂದ ನಾನು ನೆಡ್.

ಅವರು ಕಲಿಸಿದ್ದು ಒಂದೇ ಪಾಠ: ಅನುಮಾನ ಬಂದ್ರೆ ಓಡಿಸಬೇಡ.

ಮೊದಲ ತಿಂಗಳೆಲ್ಲ ನನ್ನ ಬೆರಳು ಕುದುರೆಗಳ ಪಾಲಾಯ್ತು. ತುಟಿ ಎತ್ತಿಸಿಕೊಳ್ಳೋಕೆ ಯಾವ ಕುದುರೆಗೆ ಇಷ್ಟ ಹೇಳಿ? ಒಂದು ದಿನ ನಾನು ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕಿ, ಇಂಗಿನ ಡಬ್ಬಿ ಮುಟ್ಟಿದ ಕೈಯಲ್ಲೇ ಹೋಗಿದ್ದೆ. ಬಾಗಿಲಿಗೆ ಬಂದ ಮೊದಲ ಹೆಣ್ಣು ಕುದುರೆ ನನ್ನ ಕೈ ಮೂಸಿದ್ದೇ ತಡ, ಕತ್ತು ಮೇಲೆತ್ತಿ, ಮೇಲ್ದುಟಿನ ತಾನೇ ಸುರುಟಿಕೊಂಡು, ಹಲ್ಲು ಗಿಂಜಿಕೊಂಡು ನಿಂತುಬಿಡ್ತು. ನಂಬರ್ ಸ್ಪಷ್ಟ! ವಿಚಿತ್ರ ವಾಸನೆ ಬಂದ್ರೆ ಕುದುರೆಗಳು ಹಾಗೇ ಮಾಡೋದು. ಓದಿದ್ದು ನೆನಪಿತ್ತು, ಉಪಯೋಗಕ್ಕೆ ಬರುತ್ತೆ ಅಂತ ಗೊತ್ತಿರಲಿಲ್ಲ. ಆಮೇಲೆ ಪ್ರತಿ ದಿನ ಒಂದು ಚಿಟಿಕೆ ಇಂಗು ಬೆರಳಿಗೆ ತಿಕ್ಕಿಕೊಂಡು ಹೋಗ್ತಿದ್ದೆ. ಎಲ್ಲಾ ಕುದುರೆಗಳೂ ಮಣೀತಿರಲಿಲ್ಲ, ಆದ್ರೆ ಅರ್ಧಕ್ಕರ್ಧ ಮಣೀತಿದ್ವು. ಹಾರ್ಲನ್ ಸಾಹೇಬ್ರು ಇದೇನೋ ಭಾರತದ ಮಂತ್ರವಿದ್ಯೆ ಅಂದುಕೊಂಡಿದ್ರು. ನಾನೂ ಅಲ್ಲ ಅನ್ನಲಿಲ್ಲ.

ಈಗ ಆ ಇಂಗೂ ಬೇಡ, ಬೆರಳೂ ಬೇಡ. ಕತ್ತಿನ ಚರ್ಮದೊಳಗೆ ಚಿಪ್ ಇರುತ್ತೆ. ಯಂತ್ರ ಹಿಡಿದ್ರೆ ಟೀಂ ಅನ್ನುತ್ತೆ, ಮುಗೀತು. ಮರ್ಫಿ ಹುಡುಗಿಗೆ ಕುದುರೆಯ ಜೊಲ್ಲು ಅಂಗಿ ತೋಳಿಗೆ ಅಂಟೋ ಸುಖವೇ ಗೊತ್ತಿಲ್ಲ. ಇದು ಒಳ್ಳೇದಕ್ಕೇ ಆಯ್ತು ಅಂತ ನಾನು ಮನಸಾರೆ ಹೇಳ್ತೀನಿ. ಯಂತ್ರಕ್ಕೆ ಅಪ್ಪ ಇರಲ್ಲ.

ಹತ್ತು ವರ್ಷ ಆದ ಮೇಲೆ ನನ್ನನ್ನ ಗೌರವ ಸಮಿತಿಗೆ ಸೇರಿಸಿಕೊಂಡ್ರು. ವರ್ಷಕ್ಕೊಂದು ಕುದುರೆ, ಒಬ್ಬ ಟ್ರೇನರ್, ಕುದುರೆ ತಳಿ ಮಾಡೋ ಒಬ್ಬರು, ಹೀಗೆ ನಮ್ಮ ಸೀಮೆಯವರನ್ನೇ ಆರಿಸಿ, ಊಟ ಹಾಕಿ, ಹೆಸರು ಕೆತ್ತಿದ ಹಿತ್ತಾಳೆ ಫಲಕ ಗೋಡೆಗೆ ಹಾಕೋದು. ದೊಡ್ಡ ದೊಡ್ಡ ರೇಸು ಗೆದ್ದ ಜಗತ್ಪ್ರಸಿದ್ಧರಲ್ಲ ಇವರು. ಇಲ್ಲಿನ ಧೂಳು ಕುಡಿದೋರು. ಅದಕ್ಕೇ ಆ ಫಲಕ ಅಂದ್ರೆ ಅವರಿಗೆ ಜೀವ. ಫಲಕದ ಬರಹದಲ್ಲಿ ತಪ್ಪಿದೆಯಾ ನೋಡೋದು ನನ್ನ ಪಾಲಿಗೆ ಬಂತು.

ಮೊದಲ ವರ್ಷವೇ ಮಾನ ಕಳ್ಕೊಂಡೆ. ಒಂದು ಮುದಿ ಕುದುರೆಗೆ ಗೌರವ. ಬರಹದ ಕೊನೇಲಿ "ಇವನ ಮಕ್ಕಳೂ ಈಗ ಓಡುತ್ತಿದ್ದಾರೆ" ಅಂತಿತ್ತು. ನಾನು ಓದಿ ಸರಿ ಅಂತ ಸಹಿ ಹಾಕಿದೆ. ಊಟದ ದಿನ ಅದನ್ನ ಜೋರಾಗಿ ಓದಿದ್ರು. ಇಡೀ ಹಾಲ್ ಗೊಳ್ಳೆಂದು ನಕ್ಕಿತು. ಯಾಕೆ ಅಂದ್ರೆ ಆ ಕುದುರೆಗೆ ಎರಡನೇ ವಯಸ್ಸಿಗೇ ಬೀಜ ತೆಗೆಸಿದ್ರು. ಅದರ ಯಜಮಾನ ಎದ್ದು ನಿಂತು, "ಮನೆಗೆ ಹೋಗಿ ಅವನಿಗೆ ಈ ಸುದ್ದಿ ಹೇಳ್ತೀನಿ, ತುಂಬಾ ಖುಷಿಪಡ್ತಾನೆ," ಅಂದ.

ಇನ್ನೊಂದು ವರ್ಷ ಆಸ್ಟಿನ್ ಹತ್ತಿರ ಕುದುರೆ ತಳಿ ಮಾಡೋ ಎಡ್ನಾ ಅನ್ನೋ ಹೆಂಗಸಿಗೆ ಗೌರವ ಕೊಡಬೇಕು ಅಂತಾಯ್ತು. ಆಕೆ ಒಪ್ಪಲೇ ಇಲ್ಲ. ಮಾತಾಡಿಸೋಕೆ ನನ್ನನ್ನೇ ಕಳಿಸಿದ್ರು. ಕಣ್ಣು ಕಾಣದ ಒಂದು ಹೆಣ್ಣು ಕುದುರೆ ಕತ್ತು ತಬ್ಬಿಕೊಂಡು ನಿಂತಿದ್ರು. "ಹನ್ನೊಂದು ಸಲ ಹೆತ್ತೋಳು ಇವಳು. ನಾನು ಗೇಟು ತೆಗೆದೆ, ಗೇಟು ಹಾಕಿದೆ. ಬಿರುದು ನನಗಾ?" ಅಂದ್ರು. ಕೊನೆಗೆ ಫಲಕದಲ್ಲಿ ಆ ಹೆಣ್ಣು ಕುದುರೆ ಹೆಸರು ಮೇಲೆ, ಎಡ್ನಾ ಹೆಸರು ಕೆಳಗೆ ಹಾಕಿಸಿದ ಮೇಲೇ ಬಂದ್ರು. ಮುಂದೆ ಅವರೇ ನಮ್ಮ ಸಮಿತಿಗೆ ಅಧ್ಯಕ್ಷರಾದ್ರು. ಅಷ್ಟು ನೇರ ಮನುಷ್ಯರ ಎದುರಿಗೆ ಕೂತು ನಾನು ವರ್ಷಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಈಗ ವರ್ನನ್ ವಿಷಯಕ್ಕೆ ಬರ್ತೀನಿ.

ಇದು ನಾನು ಸಮಿತಿ ಸೇರೋಕೆ ಮುಂಚಿನ ಮಾತು. ವರ್ನನ್ ಆಸ್ಟಿನ್ ಕಡೆಯವನು. ಚಿಕ್ಕ ಲಾಯ, ಎಂಟೋ ಹತ್ತೋ ಕುದುರೆ. ಕುದುರೆಗಳನ್ನ ನೋಡಿಕೊಳ್ತಿದ್ದವನು ಅವನ ತಮ್ಮ ಡೇಲ್. ಅವರ ಹತ್ತಿರ ಲೇಜಿ ಟ್ಯೂಸ್ಡೇ ಅಂತ ಒಂದು ಕಂದು ಕುದುರೆ ಇತ್ತು. ಟೆಕ್ಸಸ್‌ನಲ್ಲಿ ಹುಟ್ಟಿದ ಕುದುರೆಗಳಿಗೇ ಅಂತ ಹ್ಯೂಸ್ಟನ್‌ನಲ್ಲಿ ನಡೆಯೋ ದೊಡ್ಡ ರೇಸಿಗೆ ಅದು ಬರೋದಿತ್ತು. ಎಲ್ಲರೂ ಅದೇ ಗೆಲ್ಲುತ್ತೆ ಅಂತಿದ್ರು. ಆ ವಾರವೇ ವರ್ನನ್‌ಗೆ ಬೆನ್ನಿನ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದ. ಡೇಲ್ ಒಬ್ಬನೇ ಲೇಜಿ ಟ್ಯೂಸ್ಡೇನೂ, ಅದೇ ತಾಯಿಗೆ ಹುಟ್ಟಿದ ಇನ್ನೊಂದು ಕಂದು ಕುದುರೇನೂ ಟ್ರಕ್ಕಿನಲ್ಲಿ ಹಾಕಿಕೊಂಡು ಬಂದ.

ಮಧ್ಯಾಹ್ನ ತುಂತುರು ಮಳೆ. ಡೇಲ್ ಬಾಗಿಲಿಗೆ ಕುದುರೆ ತಂದ. ನಾನು ಹಣೆ ನೋಡಿದೆ. ಎರಡು ಸುಳಿ, ಒಂದರ ಪಕ್ಕ ಒಂದು, ದುರುಗುಟ್ಟಿಕೊಂಡು ನೋಡೋ ಹಾಗೆ. ಅಪ್ಪ ಕಿವೀಲಿ ಹೇಳಿದ ಹಾಗಾಯ್ತು. ತುಟಿ ಎತ್ತಿದೆ. ಹಚ್ಚೆ ಮಾಸಿತ್ತು. ಕೊನೇ ಅಂಕಿ ಎಂಟು ಅಂತ ಕಂಡಿತು. ಕಾರ್ಡಿನಲ್ಲಿ ಮೂರು.

ಬೇರೆ ಯಾವ ಕುದುರೆ ಆಗಿದ್ರೂ ಹತ್ತಿಯಿಂದ ಒರೆಸಿ, ಬ್ಯಾಟರಿ ಬಿಟ್ಟು ಇನ್ನೊಂದು ಸಲ ಓದ್ತಿದ್ದೆ. ಕಾಲಿನ ಒಳಗಡೆ ಒಂದು ಒರಟು ಗಂಟಿರುತ್ತೆ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ ಒಂದೊಂದು ಕುದುರೆಗೂ ಬೇರೆ, ಅದನ್ನ ಫೋಟೋ ಜೊತೆ ಇಟ್ಟು ನೋಡ್ತಿದ್ದೆ. ಟೈಮ್ ಬೇಕಾದಷ್ಟಿತ್ತು. ಆದ್ರೆ ಈ ಕುದುರೆ ಮೋಸದ್ದು ಅಂತ ನಂಬರ್ ಓದೋಕೆ ಮುಂಚೇನೇ ನನ್ನ ಮನಸ್ಸು ತೀರ್ಪು ಕೊಟ್ಟಾಗಿತ್ತು. "ಇದು ಅದಲ್ಲ," ಅಂದುಬಿಟ್ಟೆ.

ಡೇಲ್ ಮುಖ ಬಿಳಿಚಿಕೊಂಡಿತು. "ಸರ್, ಇವನು ಮರಿಯಾಗಿದ್ದಾಗಿಂದ ನಾನೇ ಮೇವು ಹಾಕಿದ್ದೀನಿ. ಇವನೇ ಸರ್. ಇನ್ನೊಂದ್ಸಲ ನೋಡಿ," ಅಂದ.

"ನಂಬರ್ ಬೇರೆ. ಕರ್ಕೊಂಡು ಹೋಗು," ಅಂದೆ.

ಕುದುರೆ ಬದಲಾಯಿಸಿ ಓಡಿಸೋಕೆ ನೋಡಿದ್ರು ಅಂತ ಅರ್ಧ ಗಂಟೇಲಿ ಟ್ರ್ಯಾಕೆಲ್ಲ ಗುಲ್ಲು. ಮಾರನೇ ಬೆಳಿಗ್ಗೆ ಹಾರ್ಲನ್ ಜೊತೆ ಟ್ರ್ಯಾಕಿನ ಲಾಯಕ್ಕೆ ಹೋಗಿ, ಬಿಸಿಲಿನಲ್ಲಿ ತುಟಿ ಒರೆಸಿ ಓದಿದೆ. ಮೂರು. ಸ್ಪಷ್ಟವಾಗಿ ಮೂರು. ಕಾಲಿನ ಗಂಟೂ ಸರಿ. ಕಾರ್ಡನ್ನ ಆಗ ಪೂರ್ತಿ ಓದಿದೆ. "ಹಣೆಯಲ್ಲಿ ಎರಡು ಸುಳಿ" ಅಂತ ಕೊನೇ ಸಾಲಲ್ಲಿ ಬರೆದಿತ್ತು. ಆ ಕುದುರೆ ಅದೇ ಅನ್ನೋಕೆ ಇದ್ದ ಸಾಕ್ಷಿನೇ ನಾನು ಅಪರಾಧ ಅಂತ ಓದಿದ್ದೆ.

ಹಾರ್ಲನ್ ನನ್ನ ಹೆಗಲು ತಟ್ಟಿ, "ಎಚ್ಚರಿಕೆ ತಪ್ಪಲ್ಲ, ನೆಡ್. ಬಿಟ್ಟುಬಿಡು," ಅಂದ್ರು. "ಗುರುತು ದೃಢಪಟ್ಟಿದೆ" ಅಂತ ಒಂದು ಸಾಲಿನ ನೋಟೀಸ್ ಅಂಟಿಸಿದ್ರು. ತಪ್ಪು ಯಾರದು ಅಂತ ಅದರಲ್ಲಿರಲಿಲ್ಲ. ಆ ಒಂದು ಸಾಲನ್ನ ಯಾರು ಓದ್ತಾರೆ? ಬೆಂಕಿ ಇಲ್ಲದೆ ಹೊಗೆ ಬರುತ್ತಾ ಅಂತ ಜನ. ರೇಸು ಹೋಯ್ತು, ಕುದುರೆ ಯಜಮಾನ ಬೇರೆ ಟ್ರೇನರ್ ಹತ್ತಿರ ಹೋದ. ನಾನು ಎಂದೂ ತಪ್ಪು ಓದದ ನೆಡ್ ಆಗಿಯೇ ಉಳಿದೆ. ಆ ಹೆಸರಿನ ಮೇಲೆ ನನಗೆ ಎಷ್ಟು ಆಸೆ ಅಂದ್ರೆ, ಸರೋಜಂಗೆ ಕೂಡ ಹೇಳಲಿಲ್ಲ.

ಸಮಿತಿಯಲ್ಲಿ ಕೂತ ಮೇಲೆ ನೋಡಿ ನನ್ನ ಪಾಡು. ಎರಡು ವರ್ಷಕ್ಕೊಂದು ಸಲ ಯಾರಾದ್ರೂ ವರ್ನನ್ ಹೆಸರು ಎತ್ತೋರು. ಅರ್ಹತೆ ಇತ್ತು ಅವನಿಗೆ. ಯಾರೂ ಬೇಡ ಅಂದ ಕುಂಟು ಕುದುರೆಗಳನ್ನ ತಂದು, ಕಾಲು ನೀವಿ, ಗೆಲ್ಲಿಸಿದ ಮನುಷ್ಯ. ಅಷ್ಟರಲ್ಲಿ ಇನ್ನೊಬ್ಬರು, "ಹ್ಯೂಸ್ಟನ್‌ನಲ್ಲಿ ಅದೇನೋ ಕುದುರೆ ಬದಲಾಯಿಸಿದ ಕಥೆ ಇತ್ತಲ್ಲ?" ಅನ್ನೋರು. ಮಾತು ಅಲ್ಲಿಗೆ ನಿಂತು ಮುಂದಿನ ಹೆಸರಿಗೆ ಹೋಗೋದು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ನಾನು ಕಾಫಿ ತರೋಕೆ ಎದ್ದು ಹೋಗ್ತಿದ್ದೆ. ಈಗಲೂ ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ.

ನಾನು ನಿವೃತ್ತಿ ಆಗೋ ವರ್ಷದ ಸಮಿತಿ ಸಭೆ ಡಾಲಸ್‌ನಲ್ಲಿ. ವರ್ನನ್ ಲಾಯ ಮುಚ್ತಿದ್ದಾನೆ, ಈ ಸಲ ಅಲ್ಲದಿದ್ರೆ ಇನ್ನಿಲ್ಲ ಅಂತ ಯಾರೋ ಅಂದ್ರು. ಮತ್ತದೇ ಪಲ್ಲವಿ ಶುರುವಾಯ್ತು, "ಆದ್ರೆ ಆ ಹ್ಯೂಸ್ಟನ್ ಕಥೆ..." ನಾನು ಎದ್ದು ನಿಂತೆ. ಎಡ್ನಾ, "ನೆಡ್, ನನಗೆ ಸಕ್ಕರೆ ಬೇಡ," ಅಂದ್ರು.

"ಕಾಫಿಗಲ್ಲ ಮ್ಯಾಡಮ್. ಆ ಕಥೆ ನನ್ನದು," ಅಂದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ.

ಎಡ್ನಾ ನನ್ನ ಮೇಲೆ ಕರುಣೆಯಿಂದ, "ಕಾಗದದಲ್ಲಿ ಏನಾದ್ರೂ ತಪ್ಪಿತ್ತೇನೋ?" ಅಂದ್ರು. ಹೌದು ಅಂದಿದ್ರೆ ಬಚಾವಾಗ್ತಿದ್ದೆ.

"ಇಲ್ಲ. ಕಾಗದ ಸರಿಯಾಗಿತ್ತು, ಕುದುರೆ ಸರಿಯಾಗಿತ್ತು, ನಾನು ಸರಿಯಾಗಿರಲಿಲ್ಲ," ಅಂದೆ. ಆಮೇಲೆ ಟೈ ಕಟ್ಟಿಕೊಂಡು ಕೂತ ನಾಲ್ಕು ಜನ ಟೆಕ್ಸಸ್‌ನೋರಿಗೆ ಸುಳಿಶಾಸ್ತ್ರ ಬಿಡಿಸಿ ಹೇಳಬೇಕಾಯ್ತಲ್ಲ, ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಒಬ್ಬ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. ಎಡ್ನಾ ನಗಲಿಲ್ಲ.

"ನಮ್ಮಜ್ಜಿನೂ ನಾಲ್ಕೂ ಕಾಲು ಬಿಳಿ ಇರೋ ಕುದುರೆ ಕೊಳ್ತಿರಲಿಲ್ಲ," ಅಂದ್ರು. "ಆದ್ರೆ ನಮ್ಮಜ್ಜಿ ಬಾಗಿಲಲ್ಲಿ ನಿಂತು ಯಾರ ಕುದುರೇನೂ ತಡೀಲಿಲ್ಲ."

ವರ್ನನ್ ಹೆಸರಿಗೆ ಎಲ್ಲರೂ ಕೈ ಎತ್ತಿದ್ರು. ನಾನು ಹಗುರಾಗಿ ಮನೆಗೆ ಬಂದು ಸರೋಜಂಗೆ ಮೊದಲ ಸಲ ಕಥೆಯೆಲ್ಲ ಹೇಳಿದೆ. ಅವಳು ಹುಳಿ ತಿರುವ್ತಾ, "ಸಮಿತಿಯೋರಿಗೆ ಹೇಳಿದ್ರಿ, ಸರಿ. ಆ ಮನುಷ್ಯನಿಗೆ ಹೇಳಿದ್ರಾ?" ಅಂದ್ಲು. ನನ್ನ ಹಗುರೆಲ್ಲ ಅಲ್ಲೇ ಇಳೀತು. ಬೆಳಿಗ್ಗೆ ಚಿತ್ರಾನ್ನದ ಡಬ್ಬಿ ಕೈಗೆ ಕೊಟ್ಟು, "ಆಸ್ಟಿನ್‌ಗೆ ಹೊರಡಿ," ಅಂದ್ಲು.

ವರ್ನನ್ ಖಾಲಿ ಲಾಯದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ದ. ನಿಂತುಕೊಂಡೇ ಹೇಳಿದೆ. ನಂಬರ್ ತಪ್ಪು ಓದಿದ್ದು, ಯಾಕೆ ಓದಿದ್ದು, ಇಷ್ಟು ವರ್ಷ ಸುಮ್ಮನಿದ್ದದ್ದು, ಈಗ ಗೌರವದ ಊಟಕ್ಕೆ ಸಮಿತಿ ಅವನ ಹೆಸರು ಆರಿಸಿದ್ದು. ಬೈತಾನೆ ಅಂದುಕೊಂಡಿದ್ದೆ. ಬೈಲಿಲ್ಲ.

"ಹಾಗಾದ್ರೆ ಡೇಲ್ ಸರಿಯಾದ ಕುದುರೇನೇ ತಂದಿದ್ದ," ಅಂದ.

"ಹೌದು."

"ಅವನೇ ಅಣ್ಣತಮ್ಮ ಕುದುರೆಗಳನ್ನ ಅದಲುಬದಲು ಮಾಡಿ ತಂದ, ಬೆಳಗಾಗೋ ಹೊತ್ತಿಗೆ ಸರಿಮಾಡಿ ಸುಳ್ಳು ಹೇಳ್ತಿದ್ದಾನೆ ಅಂದುಕೊಂಡೆ. ಆಸ್ಪತ್ರೆ ಹಾಸಿಗೆಯಿಂದಲೇ ಫೋನ್ ಮಾಡಿ ಬೈದೆ. ನನ್ನ ಹೆಸರು ಕೆಡಿಸಿದೆ ಅಂದೆ. ಅವನು ಕುದುರೆಗಳನ್ನ ಮನೆಗೆ ತಂದು ಕಟ್ಟಿ, ನೀರಿಟ್ಟು, ಒಕ್ಲಹೋಮಾಗೆ ಹೋದ. ಆಮೇಲೆ ನಾವು ಮಾತಾಡಿಲ್ಲ."

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರೆ. ಇಲ್ಲಿ ಜ್ವರ ಬಂದಿದ್ದು ನನಗೆ, ಬರೆ ಬಿದ್ದಿದ್ದು ಡೇಲ್‌ಗೆ. ಫಲಕ, ಹೆಸರು, ಗೌರವ ಅಂತೆಲ್ಲ ನಾನು ಲೆಕ್ಕ ಹಾಕಿಕೊಂಡು ಬಂದಿದ್ದೆ. ಒಬ್ಬ ಅಣ್ಣನಿಂದ ತಮ್ಮನ್ನ ಕಿತ್ತುಕೊಂಡಿದ್ದೀನಿ ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತು ಮಾಡಿಕೊಳ್ಳೋಕೆ ಹೋಗಿರಲಿಲ್ಲ, ಅದು ನಿಜ. ಕೆಲಸಕ್ಕೆ ಹೊಸದಾಗಿ ಬರೋರಿಗೆ ನಾನು ಹೇಳೋದು ಇಷ್ಟೇ ಕಣ್ರಪ್ಪ: ತಪ್ಪು ಓದ್ತೀರಿ, ಎಲ್ಲರೂ ಓದ್ತಾರೆ. ಅವತ್ತೇ ಹೋಗಿ ಹೇಳಿ. ಒಂದು ದಿನ ತಡ ಮಾಡಿದ್ರೂ ಅದು ಯಾರ ಮನೆಗೆ ಹೋಗಿ ಕೂರುತ್ತೋ ನಿಮಗೆ ತಿಳಿಯಲ್ಲ.

"ಡೇಲ್ ನಂಬರ್ ಇದೆಯಾ?" ಅಂದೆ. ವರ್ನನ್ ಜೇಬಿನಿಂದ ಮಡಿಚಿದ ಚೀಟಿ ತೆಗೆದ. ಮಡಿಚಿ ಮಡಿಚಿ ಹರಿದುಹೋಗೋ ಹಾಗಿತ್ತು. ನನ್ನ ಫೋನಿನಿಂದಲೇ ಮಾಡಿದೆ. ಡೇಲ್ ಎತ್ತಿದ. ನಾನು ಯಾರು ಅಂತ ಹೇಳಿದೆ, ತಪ್ಪು ನನ್ನದು ಅಂತ ಹೇಳಿದೆ, ನೀನು ತಂದದ್ದು ಲೇಜಿ ಟ್ಯೂಸ್ಡೇನೇ ಅಂತ ಹೇಳಿದೆ.

"ನನಗೆ ಅದು ಗೊತ್ತಿತ್ತು ಸರ್," ಅಂದ. "ವರ್ನನ್‌ಗೆ ಗೊತ್ತಾಯ್ತಾ?"

"ಇಲ್ಲೇ ಇದ್ದಾನೆ."

"ಕೊಡಿ ಅವನಿಗೆ."

ಫೋನ್ ಕೊಟ್ಟು ನಾನು ಕಾರಿಗೆ ಹೋಗಿ ಕೂತೆ. ಚಿತ್ರಾನ್ನ ತಿನ್ನೋಕೆ ಆಗಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ವರ್ನನ್ ಸೊಂಟ ಹಿಡ್ಕೊಂಡು ನಡೆದು ಬಂದ. ಕಣ್ಣು ಕೆಂಪಾಗಿದ್ವು.

"ಬರ್ತಾನಂತೆ ಊಟಕ್ಕೆ. ನನ್ನ ಪಕ್ಕ ಅವನಿಗೊಂದು ಕುರ್ಚಿ ಹಾಕ್ಸು," ಅಂದ.

"ಖಂಡಿತ," ಅಂದೆ.

"ನೀನು ಬೇರೆ ಟೇಬಲ್‌ನಲ್ಲಿ ಕೂತ್ಕೋ."

ಊಟದ ದಿನ ಬೇರೆ ಟೇಬಲ್‌ನಲ್ಲೇ ಕೂತೆ, ಬಾಗಿಲ ಹತ್ತಿರ, ಸರೋಜ ಜೊತೆ. ಎಡ್ನಾ ವೇದಿಕೆ ಮೇಲೆ ನಿಂತು, ಅವತ್ತಿನ ತಪ್ಪು ನೆಡ್‌ದು ಅಂತ ಸುತ್ತುಬಳಸದೆ ಹೇಳಿ, ವರ್ನನ್ ಹೆಸರು ಕರೆದ್ರು. ಅವನು ಎದ್ದು, ಪಕ್ಕದಲ್ಲಿದ್ದ ತಮ್ಮನ ತೋಳು ಹಿಡಿದು ಎಬ್ಬಿಸಿದ. ಡೇಲ್ ಬೇಡ ಬೇಡ ಅಂತ ಕೊಸರಾಡಿದ. ವರ್ನನ್ ಬಿಡಲಿಲ್ಲ. ಇಬ್ಬರೂ ಒಟ್ಟಿಗೇ ಹತ್ತಿದ್ರು. ಫಲಕ ಕೊಟ್ರು, ಮೈಕ್ ಕೊಟ್ರು. ವರ್ನನ್ ಫಲಕದ ಕಡೆ ನೋಡಲೂ ಇಲ್ಲ.

"ಅವತ್ತು ನನ್ನ ತಮ್ಮ ಸರಿಯಾದ ಕುದುರೇನೇ ತಂದಿದ್ದ," ಅಂದ. ಅಷ್ಟೇ ಅವನ ಭಾಷಣ. ಮೈಕ್ ವಾಪಸ್ ಕೊಟ್ಟು, ತಮ್ಮನ್ನ ಕರ್ಕೊಂಡು ಇಳಿದ.